ಸಣ್ಣ ಊರಿನ ಜಾಲ ತಂತ್ರಾಂಶ: ಹಗುರ ಚೌಕಟ್ಟು, ಬಿಡಿ ಘಟಕಗಳೇ ಆಧಾರ

ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಾಗಿ ಭತ್ತದ ಕಣಜವೆನಿಸಿಕೊಂಡಿರುವ ರಾಯಚೂರು ಜಿಲ್ಲೆಯ ಸಿಂಧನೂರಿನಂತಹ ಊರುಗಳಲ್ಲಿ ಇಂದು ಲೆಕ್ಕಪತ್ರವೆಂದರೆ ಕೇವಲ ಖಾತೆ ಕಿರ್ದಿ ಪುಸ್ತಕವಲ್ಲ. ಅಕ್ಕಿ ಗಿರಣಿ, ಅಡತ್ ಅಂಗಡಿ, ಬೀಜ ಗೊಬ್ಬರದ ಮಳಿಗೆ, ಖಾಸಗಿ ಶಾಲೆ, ನರ್ಸಿಂಗ್ ಹೋಂ, ಸಹಕಾರ ಸಂಘ ಹೀಗೆ ಎಲ್ಲೆಡೆಯೂ ಗಣಕ ಬಂದಿದೆ, ಮೊಬೈಲ್ ಬಂದಿದೆ, ಅವುಗಳೊಡನೆ ತಮ್ಮದೇ ಅಗತ್ಯಕ್ಕೆ ಬರೆಸಿಕೊಂಡ ಜಾಲ ತಂತ್ರಾಂಶಗಳೂ ಬಂದಿವೆ. ಸಾಮಾನ್ಯವಾಗಿ ಇವುಗಳನ್ನು ಬರೆದುಕೊಡುವವರು ಅದೇ ಊರಿನ ಎಂಜಿನಿಯರಿಂಗ್ ಪದವೀಧರರು.

ತೊಡಕು ಆರಂಭವಾಗುವುದು ಆಮೇಲೆ. ತಂತ್ರಾಂಶ ಬರೆದವರು ಉದ್ಯೋಗ ಹುಡುಕಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ತೆರಳುತ್ತಾರೆ. ಒಂದೆರಡು ವರ್ಷಗಳಲ್ಲಿ ಸರ್ಕಾರದ ಒಂದು ನಿಯಮ ಬದಲಾಗುತ್ತದೆ, ತೆರಿಗೆಯ ದರ ಬದಲಾಗುತ್ತದೆ ಅಥವಾ ಮಾಲೀಕರಿಗೆ ಹೊಸದೊಂದು ವರದಿ ಬೇಕಾಗುತ್ತದೆ. ಹೊಸಬರನ್ನು ಕರೆದು ತೋರಿಸಿದರೆ, ‘ಇದನ್ನು ಮುಟ್ಟುವುದಕ್ಕಿಂತ ಹೊಸದಾಗಿ ಬರೆಯುವುದೇ ಲೇಸು’ ಎಂಬ ಉತ್ತರ ಬರುತ್ತದೆ. ಮತ್ತೆ ಹಣ, ಮತ್ತೆ ಆರು ತಿಂಗಳು. ಹಳೆಯ ಲೆಕ್ಕ ಹೊಸದಕ್ಕೆ ಸರಿಯಾಗಿ ಬಾರದೆ ಹೋದರೆ ನಷ್ಟ ಅನುಭವಿಸುವವರು ಅಂಗಡಿಯವರು ಮಾತ್ರವಲ್ಲ, ಆ ಖಾತೆಯಲ್ಲಿ ಹೆಸರಿರುವ ರೈತರೂ ಹೌದು.

ಹಾಗಾದರೆ ಬರೆದವರು ಊರು ಬಿಟ್ಟ ಮೇಲೂ ಬೇರೊಬ್ಬರು ಧೈರ್ಯವಾಗಿ ಕೈಹಾಕಿ ದುರಸ್ತಿ ಮಾಡಬಲ್ಲ ತಂತ್ರಾಂಶವನ್ನು ರಚಿಸಲು ಸಾಧ್ಯವೇ? ಸಾಧ್ಯ. ಅದಕ್ಕೆ ಎರಡು ಸಂಗತಿಗಳು ಬೇಕು. ಒಂದು, ಪೂರ್ತಿಯಾಗಿ ಓದಿ ಅರ್ಥಮಾಡಿಕೊಳ್ಳಬಹುದಾದಷ್ಟು ಹಗುರವಾದ ಚೌಕಟ್ಟು. ಎರಡು, ಒಂದನ್ನು ಬಿಚ್ಚಿದರೆ ಇನ್ನೊಂದು ಕುಸಿಯದಂತೆ ಬಿಡಿ ಬಿಡಿಯಾಗಿ ಕಟ್ಟಿದ ಘಟಕಗಳು. ಈ ಎರಡರಲ್ಲಿ ಎರಡನೆಯದೇ ಮುಖ್ಯ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಚೌಕಟ್ಟು ಎಂದರೇನು?

ಬ್ರೌಸರ್‌ನಲ್ಲಿ ನಾವು ಒಂದು ವಿಳಾಸವನ್ನು ಟೈಪಿಸಿದಾಗ ಅಥವಾ ಒಂದು ಗುಂಡಿಯನ್ನು ಒತ್ತಿದಾಗ ದೂರದಲ್ಲಿರುವ ಸರ್ವರ್ ಗಣಕಕ್ಕೆ ಒಂದು ಕೋರಿಕೆ ಹೋಗುತ್ತದೆ. ಅಲ್ಲಿರುವ ತಂತ್ರಾಂಶ ಆ ಕೋರಿಕೆಯನ್ನು ಓದಿ, ಅದಕ್ಕೆ ಸಂಬಂಧಿಸಿದ ಮಾಹಿತಿಯನ್ನು ದತ್ತಸಂಚಯದಿಂದ, ಅಂದರೆ ಡೇಟಾಬೇಸ್‌ನಿಂದ ತೆಗೆದು, ಪುಟವಾಗಿ ಜೋಡಿಸಿ ಮರಳಿ ಕಳುಹಿಸುತ್ತದೆ. ರೈತರ ಬಾಕಿ ಪಟ್ಟಿಯಾಗಲಿ, ರೈಲು ಟಿಕೆಟ್ ಆಗಲಿ, ನಡೆಯುವುದು ಇಷ್ಟೇ.

ಯಾವ ವಿಳಾಸಕ್ಕೆ ಬಂದ ಕೋರಿಕೆಯನ್ನು ಯಾರು ನೋಡಿಕೊಳ್ಳಬೇಕು, ಪುಟದ ಅಚ್ಚನ್ನು ಹೇಗೆ ತುಂಬಬೇಕು, ಬಂದವರು ಯಾರೆಂದು ನೆನಪಿಟ್ಟುಕೊಳ್ಳುವುದು ಹೇಗೆ ಎಂಬ ಕೆಲಸಗಳು ಪ್ರತಿಯೊಂದು ಜಾಲ ತಂತ್ರಾಂಶದಲ್ಲಿಯೂ ಇದ್ದೇ ಇರುತ್ತವೆ. ಇವುಗಳನ್ನು ಪ್ರತಿ ಬಾರಿಯೂ ಮೊದಲಿನಿಂದ ಬರೆಯುವ ಬದಲು ಸಿದ್ಧವಾಗಿ ಒದಗಿಸುವ ವ್ಯವಸ್ಥೆಗೆ ಫ್ರೇಮ್‌ವರ್ಕ್ ಅಥವಾ ಚೌಕಟ್ಟು ಎನ್ನುತ್ತಾರೆ.

ಚೌಕಟ್ಟುಗಳಲ್ಲಿ ಎರಡು ಬಗೆ. ಪೈಥಾನ್ ಭಾಷೆಯ ಜಾಂಗೊ, ರೂಬಿ ಭಾಷೆಯ ರೈಲ್ಸ್ ಮೊದಲಾದವು ದತ್ತಸಂಚಯದ ನಿರ್ವಹಣೆಯಿಂದ ಹಿಡಿದು ಬಹುಪಾಲು ಸಾಮಗ್ರಿಯನ್ನು ತಾವೇ ಹೊತ್ತು ತರುತ್ತವೆ. ಹಗುರ ಚೌಕಟ್ಟುಗಳು ಹಾಗಲ್ಲ. ಕೋರಿಕೆಯನ್ನು ಸರಿಯಾದ ಕಡೆಗೆ ತಲುಪಿಸುವುದು, ಉತ್ತರವನ್ನು ಮರಳಿಸುವುದು ಇವಿಷ್ಟು ಮೂಲ ಕೆಲಸಗಳನ್ನು ಮಾತ್ರ ಮಾಡಿ, ಉಳಿದ ಆಯ್ಕೆಯನ್ನು ಬರೆಯುವವರಿಗೇ ಬಿಡುತ್ತವೆ. 2007ರಲ್ಲಿ ಬಂದ ರೂಬಿ ಭಾಷೆಯ ಸಿನಾಟ್ರಾ, 2010ರಲ್ಲಿ ಬಂದ ಪೈಥಾನ್ ಭಾಷೆಯ ಫ್ಲಾಸ್ಕ್ ಹಾಗೂ ಜಾವಾಸ್ಕ್ರಿಪ್ಟ್ ಭಾಷೆಯ ಎಕ್ಸ್‌ಪ್ರೆಸ್ ಈ ಬಗೆಯವು. ಆಸ್ಟ್ರಿಯಾ ಮೂಲದ ಆರ್ಮಿನ್ ರೊನಾಕರ್ ಅವರ ಫ್ಲಾಸ್ಕ್ ಹುಟ್ಟಿದ್ದು ಆ ವರ್ಷದ ಏಪ್ರಿಲ್ ಮೂರ್ಖರ ದಿನದ ಒಂದು ತಮಾಷೆಯಿಂದ ಎಂಬುದು ಕುತೂಹಲದ ಸಂಗತಿ. ತಮಾಷೆಗೆ ಸಿಕ್ಕ ಆಸಕ್ತಿಯನ್ನು ಕಂಡ ಅವರು ಅದನ್ನೇ ನಿಜವಾಗಿಸಿದರು.

ಇದಕ್ಕೂ ಮುಂಚಿನ ವೆಬ್‌ಡಾಟ್‌ಪೈ ಎಂಬ ಹಗುರ ಚೌಕಟ್ಟಿಗೆ ಕರ್ನಾಟಕದ ನಂಟಿದೆ. ಅದನ್ನು ಆರಂಭಿಸಿದವರು ಅಮೆರಿಕದ ಆರನ್ ಸ್ವಾರ್ಟ್ಜ್. 2013ರಲ್ಲಿ ತೀರಿಕೊಂಡ ಅವರೊಂದಿಗೆ ಆ ಚೌಕಟ್ಟನ್ನು ಬೆಳೆಸಿ ಮುಂದುವರಿಸಿದವರಲ್ಲಿ ಪ್ರಮುಖರು ಬೆಂಗಳೂರಿನ ತಂತ್ರಜ್ಞ ಆನಂದ್ ಚಿಟಿಪೋತು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಓಪನ್ ಲೈಬ್ರರಿ ಎಂಬ ಬೃಹತ್ ಗ್ರಂಥಸೂಚಿಯನ್ನು ಕಟ್ಟಿದ್ದು ಇದೇ ಚೌಕಟ್ಟಿನ ಮೇಲೆ. ಹಗುರವೆಂದರೆ ಸಣ್ಣ ಕೆಲಸಕ್ಕೆ ಮಾತ್ರ ಎಂಬ ಭಾವನೆ ಸರಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಕಾಲುವೆ ಕಲಿಸುವ ಪಾಠ

ಇನ್ನು ಘಟಕಗಳ ವಿಷಯ. ಈ ಕಲ್ಪನೆಯನ್ನು ಅರ್ಥಮಾಡಿಕೊಳ್ಳಲು ಸಿಂಧನೂರಿನವರಿಗೆ ಗಣಕದ ಪುಸ್ತಕ ಬೇಕಿಲ್ಲ. ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಹರಿಯುತ್ತದೆ. ಅದರಿಂದ ವಿತರಣಾ ಕಾಲುವೆಗಳು, ಅವುಗಳಿಂದ ಉಪಕಾಲುವೆಗಳು, ಕೊನೆಗೆ ಹೊಲಗಾಲುವೆಗಳು ಹೊರಡುತ್ತವೆ. ಕವಲೊಡೆಯುವ ಕಡೆ ಗೇಟು ಅಥವಾ ತೂಬು ಇರುತ್ತದೆ. ಒಂದು ಉಪಕಾಲುವೆಯ ಏರಿ ಒಡೆದರೆ ಅದರ ಗೇಟನ್ನು ಇಳಿಸಿ ದುರಸ್ತಿ ಮಾಡುತ್ತಾರೆ. ಅಷ್ಟು ದಿನವೂ ಉಳಿದ ಕಡೆ ನೀರು ಹರಿಯುತ್ತಲೇ ಇರುತ್ತದೆ. ಗೇಟುಗಳಿಲ್ಲದ ಒಂದೇ ಕಾಲುವೆಯಾಗಿದ್ದರೆ ಎಲ್ಲಿ ಒಡೆದರೂ ಇಡೀ ಹರಿವನ್ನೇ ನಿಲ್ಲಿಸಬೇಕಾಗುತ್ತಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋದಾಗ ಈ ಸತ್ಯ ಇನ್ನೊಂದು ರೀತಿಯಲ್ಲಿ ಕಾಣಿಸಿತು. ಜಲಾಶಯಕ್ಕೆ ಇರುವುದು 33 ಗೇಟುಗಳು. ಒಂದು ಹೋದರೂ ಅಣೆಕಟ್ಟು ನಿಂತಿತು, ಉಳಿದ ಗೇಟುಗಳನ್ನು ತೆರೆದು ಒತ್ತಡವನ್ನು ತಗ್ಗಿಸಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಆ ಒಂದೇ ಕಿಂಡಿಗೆ ಸ್ಟಾಪ್‌ಲಾಗ್ ಹಲಗೆಗಳನ್ನು ಇಳಿಸಿ ನೀರನ್ನು ತಡೆಯಲಾಯಿತು. ಗೇಟುಗಳು ಬಿಡಿಬಿಡಿಯಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಆದರೆ ಬದಲಿ ಹಲಗೆಗಳು ಮೊದಲೇ ಸಿದ್ಧವಿಲ್ಲದ ಕಾರಣ ಅಷ್ಟು ದಿನ ಅಪಾರ ನೀರು ನದಿಯ ಪಾಲಾಯಿತು ಎಂಬುದೂ ಅಷ್ಟೇ ಸತ್ಯ. ಬಿಡಿ ಘಟಕಗಳಿದ್ದರೆ ಸಾಲದು, ಒಂದು ಕೆಟ್ಟಾಗ ಏನು ಮಾಡಬೇಕೆಂಬ ಸಿದ್ಧತೆಯೂ ಬೇಕು. ತಂತ್ರಾಂಶಕ್ಕೂ ಈ ಎರಡು ಮಾತುಗಳು ಅಕ್ಷರಶಃ ಅನ್ವಯಿಸುತ್ತವೆ.

ಒಂದು ಅಡತ್ ಅಂಗಡಿಯ ಉದಾಹರಣೆ

ಗಂಜ್‌ನಲ್ಲಿರುವ ಒಂದು ಅಡತ್ ಅಂಗಡಿಗೆ ತಂತ್ರಾಂಶ ಬರೆಯಬೇಕಾಗಿದೆ ಎಂದು ಊಹಿಸಿಕೊಳ್ಳೋಣ. ಅಲ್ಲಿ ನಡೆಯುವ ಕೆಲಸಗಳನ್ನು ಗಮನಿಸಿದರೆ ಐದು ಘಟಕಗಳು ತಾವಾಗಿಯೇ ಕಾಣಿಸುತ್ತವೆ. ರೈತರ ಹೆಸರು, ಊರು, ಮುಂಗಡದ ವಿವರಗಳಿರುವ ಖಾತೆ ಘಟಕ. ಚೀಲಗಳ ಎಣಿಕೆ ಮತ್ತು ತೂಕವನ್ನು ದಾಖಲಿಸುವ ತೂಕ ಘಟಕ. ಆಯಾ ದಿನದ ಧಾರಣೆಯನ್ನು ಇಟ್ಟುಕೊಳ್ಳುವ ದರ ಘಟಕ. ಹಮಾಲಿ, ಶುಲ್ಕ, ಮುಂಗಡಗಳನ್ನು ಲೆಕ್ಕಹಾಕಿ ಕೊನೆಯ ಪಟ್ಟಿಯನ್ನು ಕೊಡುವ ಪಟ್ಟಿ ಘಟಕ. ತಿಂಗಳ, ವರ್ಷದ ಮೊತ್ತಗಳನ್ನು ತೋರಿಸುವ ವರದಿ ಘಟಕ.

ಅವಸರದಲ್ಲಿ ಬರೆದ ತಂತ್ರಾಂಶದಲ್ಲಿ ಈ ಐದೂ ಒಂದೇ ಕಡತದಲ್ಲಿ ಹೆಣೆದುಕೊಂಡಿರುತ್ತವೆ. ಹಗುರ ಚೌಕಟ್ಟುಗಳ ಪರಿಚಯ ಪಾಠಗಳು ಒಂದೇ ಕಡತದಲ್ಲಿ ಆರಂಭವಾಗುವುದರಿಂದ ಹೊಸಬರು ಅದನ್ನೇ ಪದ್ಧತಿ ಎಂದು ತಿಳಿಯುವುದುಂಟು. ನೂರು ಸಾಲುಗಳಿರುವಾಗ ಇದು ಚೆನ್ನಾಗಿಯೇ ಇರುತ್ತದೆ. ಐದು ಸಾವಿರ ಸಾಲುಗಳಾದಾಗ ಬರೆದವರಿಗೇ ದಾರಿ ತಪ್ಪುತ್ತದೆ.

ಅದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಈ ಭಾಗದಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ತೂಕದ ಚೀಲಕ್ಕೆ ಇಷ್ಟು ಎಂದು ಹೇಳುವ ರೂಢಿಯಿದೆ. ಸರ್ಕಾರದ ಬೆಂಬಲ ಬೆಲೆಯಾದರೋ ಕ್ವಿಂಟಲ್ ಲೆಕ್ಕದಲ್ಲಿರುತ್ತದೆ. 2024-25ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ. ಅಂದರೆ ಚೀಲಕ್ಕೆ 1,725 ರೂಪಾಯಿ. ಹೀಗಾಗಿ ತಂತ್ರಾಂಶವು ಚೀಲದಿಂದ ಕ್ವಿಂಟಲ್‌ಗೆ, ಕ್ವಿಂಟಲ್‌ನಿಂದ ಚೀಲಕ್ಕೆ ಮತ್ತೆ ಮತ್ತೆ ಪರಿವರ್ತಿಸಬೇಕಾಗುತ್ತದೆ.

ಈಗ ರೈತರೊಬ್ಬರು 120 ಚೀಲ ಭತ್ತ ತಂದಿದ್ದಾರೆ, ಚೀಲಕ್ಕೆ 1,730 ರೂಪಾಯಿ ಧಾರಣೆ ನಿಂತಿದೆ ಎನ್ನೋಣ. ಚೀಲದ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದು 2,07,600 ರೂಪಾಯಿ. ವರದಿ ಬರೆದವರು ತಮ್ಮ ಅನುಕೂಲಕ್ಕಾಗಿ ಅದೇ ಧಾರಣೆಯನ್ನು ಕ್ವಿಂಟಲ್‌ಗೆ ತಿರುಗಿಸಿ, 2,306 ರೂಪಾಯಿ 66 ಪೈಸೆಗಿಂತ ತುಸು ಹೆಚ್ಚಾಗುವುದನ್ನು 2,307 ಎಂದು ಪೂರ್ಣಗೊಳಿಸಿದರೆ, 90 ಕ್ವಿಂಟಲ್‌ಗೆ 2,07,630 ರೂಪಾಯಿ ಆಗುತ್ತದೆ. ಒಂದೇ ಮಾಲು, ಒಂದೇ ಧಾರಣೆ, ಆದರೆ ಪಟ್ಟಿಯಲ್ಲಿ ಒಂದು ಮೊತ್ತ, ವರದಿಯಲ್ಲಿ ಇನ್ನೊಂದು ಮೊತ್ತ. ಮೂವತ್ತು ರೂಪಾಯಿ ದೊಡ್ಡ ಮೊತ್ತವಲ್ಲದಿರಬಹುದು. ಆದರೆ ಪಟ್ಟಿ ಹೊಂದದಿದ್ದರೆ ಹೋಗುವುದು ನಂಬಿಕೆ. ಹಂಗಾಮಿನ ನೂರಾರು ಪಟ್ಟಿಗಳಲ್ಲಿ ಈ ವ್ಯತ್ಯಾಸ ಎಲ್ಲಿಂದ ಹುಟ್ಟಿತೆಂದು ಹುಡುಕುವುದೂ ಸುಲಭವಲ್ಲ.

ಪರಿಹಾರ ಸರಳ. ಪರಿವರ್ತನೆಯ ಸೂತ್ರ ಇಡೀ ತಂತ್ರಾಂಶದಲ್ಲಿ ಒಂದೇ ಕಡೆ, ದರ ಘಟಕದಲ್ಲಿ ಇರಬೇಕು. ಪಟ್ಟಿಯಾಗಲಿ, ವರದಿಯಾಗಲಿ ಮೊತ್ತ ಬೇಕಾದಾಗ ದರ ಘಟಕವನ್ನೇ ಕೇಳಬೇಕು, ತಾವಾಗಿ ಲೆಕ್ಕಹಾಕಬಾರದು. ಹಣವನ್ನು ದಶಮಾಂಶ ಜಾರುವ ಸಂಖ್ಯೆಗಳಲ್ಲಿಡದೆ ಪೈಸೆಯ ಪೂರ್ಣಾಂಕವಾಗಿ ಇಡಬೇಕು. ನಾಳೆ ಪೂರ್ಣಗೊಳಿಸುವ ಪದ್ಧತಿ ಬದಲಾದರೆ ತಿದ್ದಬೇಕಾದುದು ಒಂದೇ ಕಡತ.

ಗೋಡೆ ಕಟ್ಟುವ ಬಗೆ

ಘಟಕಗಳನ್ನು ಬೇರ್ಪಡಿಸಲು ಹಗುರ ಚೌಕಟ್ಟುಗಳಲ್ಲಿಯೇ ಅನುಕೂಲಗಳಿವೆ. ಫ್ಲಾಸ್ಕ್‌ನಲ್ಲಿ 2011ರ 0.7ನೇ ಆವೃತ್ತಿಯಿಂದ ಬ್ಲೂಪ್ರಿಂಟ್ ಎಂಬ ಸೌಲಭ್ಯವಿದೆ. ಒಂದು ಘಟಕಕ್ಕೆ ಸೇರಿದ ವಿಳಾಸಗಳು, ಪುಟದ ಅಚ್ಚುಗಳು, ಚಿತ್ರಗಳು ಎಲ್ಲವನ್ನೂ ಒಂದು ಕಂತೆಯಾಗಿ ಕಟ್ಟಿ, ಮುಖ್ಯ ತಂತ್ರಾಂಶಕ್ಕೆ ಒಂದೇ ಸಾಲಿನಲ್ಲಿ ಜೋಡಿಸಬಹುದು. ‘ತೂಕ’ ಎಂದು ಆರಂಭವಾಗುವ ವಿಳಾಸಗಳೆಲ್ಲ ತೂಕ ಘಟಕಕ್ಕೆ, ‘ವರದಿ’ ಎಂದು ಆರಂಭವಾಗುವುವೆಲ್ಲ ವರದಿ ಘಟಕಕ್ಕೆ. ಆ ಒಂದು ಸಾಲನ್ನು ತೆಗೆದರೆ ಆ ಘಟಕದ ಪುಟಗಳು ಮುಚ್ಚುತ್ತವೆ, ಉಳಿದವು ನಡೆಯುತ್ತವೆ. ಎಕ್ಸ್‌ಪ್ರೆಸ್‌ನಲ್ಲಿ ಇದೇ ಕೆಲಸವನ್ನು ರೂಟರ್ ಮಾಡುತ್ತದೆ.

ಆದರೆ ಕಂತೆ ಕಟ್ಟಿದ ಮಾತ್ರಕ್ಕೆ ಗೋಡೆ ಕಟ್ಟಿದಂತಾಗುವುದಿಲ್ಲ. ಕೆಲವು ನಿಯಮಗಳನ್ನು ಬರೆಯುವವರೇ ಪಾಲಿಸಬೇಕಾಗುತ್ತದೆ.

ಮೊದಲನೆಯದು, ಪ್ರತಿ ಘಟಕಕ್ಕೆ ಒಂದೇ ಬಾಗಿಲು. ರೈತರ ಖಾತೆಯ ಮಾಹಿತಿ ಬೇಕಾದರೆ ಖಾತೆ ಘಟಕದ ಗೊತ್ತುಪಡಿಸಿದ ಕಾರ್ಯವಿಧಾನವನ್ನು ಕರೆಯಬೇಕೇ ಹೊರತು ಅದರ ದತ್ತಸಂಚಯದ ಕೋಷ್ಟಕಕ್ಕೆ ನೇರವಾಗಿ ಕೈಹಾಕಬಾರದು. ಬಹಳಷ್ಟು ತಂತ್ರಾಂಶಗಳು ಕೆಡುವುದು ಇಲ್ಲಿಯೇ. ಕಡತಗಳು ಬೇರೆಬೇರೆಯಾಗಿದ್ದರೂ ಎಲ್ಲರೂ ಎಲ್ಲ ಕೋಷ್ಟಕಗಳನ್ನೂ ಮುಟ್ಟುತ್ತಿದ್ದರೆ ಅದು ಹೆಸರಿಗಷ್ಟೇ ವಿಭಜನೆ.

ಎರಡನೆಯದು, ಅವಲಂಬನೆ ಒಂದೇ ದಿಕ್ಕಿಗೆ ಹರಿಯಬೇಕು. ವರದಿ ಘಟಕ ಪಟ್ಟಿಯನ್ನು ಕೇಳಬಹುದು, ಪಟ್ಟಿ ಘಟಕ ತೂಕವನ್ನೂ ದರವನ್ನೂ ಕೇಳಬಹುದು. ತೂಕ ಘಟಕ ಮರಳಿ ವರದಿಯನ್ನು ಕೇಳತೊಡಗಿದರೆ ಸುಳಿ ಉಂಟಾಗುತ್ತದೆ. ಆಗ ಯಾವ ಒಂದನ್ನೂ ಬಿಡಿಯಾಗಿ ಪರೀಕ್ಷಿಸಲಾಗದು.

ಮೂರನೆಯದು, ಊರಿಗೂ ಅಂಗಡಿಗೂ ಬದಲಾಗುವ ವಿವರಗಳು ತಂತ್ರಾಂಶದ ಹೊರಗಿರಬೇಕು. ದತ್ತಸಂಚಯದ ಗುಪ್ತಪದ, ಅಂಗಡಿಯ ಹೆಸರು, ಶುಲ್ಕದ ದರಗಳನ್ನು ಪ್ರತ್ಯೇಕ ಸಂರಚನಾ ಕಡತದಲ್ಲಿ ಇಟ್ಟರೆ ಅದೇ ತಂತ್ರಾಂಶವನ್ನು ಮಸ್ಕಿಯ ಅಥವಾ ಲಿಂಗಸುಗೂರಿನ ಇನ್ನೊಂದು ಅಂಗಡಿಯೂ ಬಳಸಬಹುದು.

ಬೆಂಗಳೂರಿನ ಒಂದು ಅನುಭವ

ಈ ಪದ್ಧತಿಯ ಫಲಾಫಲಗಳನ್ನು ಬಹಿರಂಗವಾಗಿ ತೋರಿಸಿದ ಉದಾಹರಣೆಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಕಿರಣ್ ಜೊನ್ನಲಗಡ್ಡ ಮತ್ತು ಜೈನಾಬ್ ಬಾವಾ 2010ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹ್ಯಾಸ್‌ಗೀಕ್ ಸಂಸ್ಥೆ ತಂತ್ರಜ್ಞರ ಸಮಾವೇಶಗಳನ್ನು ನಡೆಸುತ್ತಾ ಬಂದಿದೆ. ಸಂಸ್ಥೆ ತನ್ನ ಕೆಲಸಗಳಿಗೆ ಫ್ಲಾಸ್ಕ್ ಚೌಕಟ್ಟನ್ನು ಆಯ್ದುಕೊಂಡು, ಒಂದೊಂದು ಅಗತ್ಯಕ್ಕೆ ಒಂದೊಂದು ಸಣ್ಣ ತಂತ್ರಾಂಶವನ್ನು ಬರೆಯಿತು. ಉದ್ಯೋಗ ಪ್ರಕಟಣೆಗಳಿಗೆ ಹ್ಯಾಸ್‌ಜಾಬ್, ಉಪನ್ಯಾಸದ ಪ್ರಸ್ತಾವಗಳಿಗೆ ಫನಲ್, ಟಿಕೆಟ್ ಮಾರಾಟಕ್ಕೆ ಬಾಕ್ಸ್‌ಆಫೀಸ್, ಇವೆಲ್ಲಕ್ಕೂ ಒಂದೇ ಪ್ರವೇಶದ್ವಾರವಾಗಿ ಲಾಸ್ಟ್‌ಯೂಸರ್. ಎಲ್ಲ ಕಡೆಯೂ ಮತ್ತೆ ಮತ್ತೆ ಬೇಕಾಗುವ ಸಂಕೇತಗಳನ್ನು ಕೋಸ್ಟರ್ ಎಂಬ, ಪುಟಗಳ ಸಾಮಾನ್ಯ ವಿನ್ಯಾಸವನ್ನು ಬೇಸ್‌ಫ್ರೇಮ್ ಎಂಬ ಪ್ರತ್ಯೇಕ ಕಂತೆಗಳಲ್ಲಿ ಇಡಲಾಯಿತು. ಇವುಗಳ ಮೂಲಸಂಕೇತ ಮುಕ್ತವಾಗಿದ್ದು, ಯಾರು ಬೇಕಾದರೂ ಓದಿ ಕಲಿಯಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಮುಂದಿನ ವರ್ಷಗಳಲ್ಲಿ ಪ್ರತ್ಯೇಕವಾಗಿದ್ದ ಲಾಸ್ಟ್‌ಯೂಸರನ್ನು ಫನಲ್‌ನೊಳಗೇ ವಿಲೀನಗೊಳಿಸಲಾಯಿತು. ವಿಭಜಿಸಿದ್ದನ್ನು ಮತ್ತೆ ಕೂಡಿಸುವುದು ಸೋಲಲ್ಲ. ಬೇರೆಬೇರೆ ತಂತ್ರಾಂಶಗಳಾಗಿ ಓಡಿಸಿದರೆ ಪ್ರತಿಯೊಂದಕ್ಕೂ ಪ್ರತ್ಯೇಕ ನಿರ್ವಹಣೆ ಬೇಕಾಗುತ್ತದೆ, ಅವುಗಳ ನಡುವಿನ ಸಂವಹನವೂ ಕೆಡಬಹುದು. ಬಳಸುವವರು ಒಂದೇ ಆಗಿರುವಾಗ ಒಂದೇ ತಂತ್ರಾಂಶದೊಳಗೆ ಗೋಡೆಗಳನ್ನು ಇಟ್ಟುಕೊಳ್ಳುವುದು ಎಷ್ಟೋ ಸಲ ಸಾಕಾಗುತ್ತದೆ. ಸಿಂಧನೂರಿನ ಅಡತ್ ಅಂಗಡಿಗಂತೂ ಐದು ಘಟಕಗಳಿಗೆ ಐದು ಸರ್ವರ್‌ಗಳ ಅಗತ್ಯ ಖಂಡಿತ ಇಲ್ಲ. ಒಂದೇ ಮನೆ, ಐದು ಕೋಣೆಗಳು ಸಾಕು.

ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ನಿದರ್ಶನ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಏಕಾಂಗಿಯಾಗಿ ಸಂಗ್ರಹಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿರುವ ಈ ನಿಘಂಟನ್ನು 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ತಂದವರು ಕೈಲಾಶ್ ನಾಧ್. ಅವರು ಅದಕ್ಕೂ ಮೊದಲು ‘ಓಳಂ’ ಎಂಬ ಮಲಯಾಳ ನಿಘಂಟು ತಾಣವನ್ನು ನಡೆಸುತ್ತಿದ್ದರು. ಪದಗಳ ದತ್ತಾಂಶ, ಹುಡುಕುವ ಯಂತ್ರ, ಭಾಷೆಗೆ ತಕ್ಕ ಉಚ್ಚಾರಣಾ ಸೂತ್ರ, ಪುಟದ ವಿನ್ಯಾಸ ಇವನ್ನು ಪರಸ್ಪರ ಬೇರ್ಪಡಿಸಿ ಇಟ್ಟುದರಿಂದ ಇಂದು ಒಂದೇ ತಂತ್ರಾಂಶ ಎರಡು ಭಾಷೆಗಳ ನಿಘಂಟುಗಳನ್ನೂ ನಡೆಸುತ್ತದೆ. ಕನ್ನಡಕ್ಕಾಗಿ ಬದಲಿಸಬೇಕಾದುದು ಆ ಭಾಷೆಯ ಘಟಕವನ್ನಷ್ಟೇ.

ಕೆಎನ್‌ಫೋನ್ ಎಂಬ ಆ ಉಚ್ಚಾರಣಾ ಸೂತ್ರವೂ ಮುಕ್ತವಾಗಿಯೇ ದೊರೆಯುತ್ತದೆ. ಕನ್ನಡ ಪದಗಳನ್ನು ಅಕ್ಷರದಿಂದಲ್ಲದೆ ಧ್ವನಿಯಿಂದ ಗುರುತಿಸುವುದು ಅದರ ಕೆಲಸ. ನಮ್ಮ ಅಡತ್ ಅಂಗಡಿಯ ಖಾತೆಯಲ್ಲಿ ಒಬ್ಬರೇ ರೈತರ ಹೆಸರು ಒಮ್ಮೆ ‘ಬಸವರಾಜ’ ಎಂದೂ ಇನ್ನೊಮ್ಮೆ ‘ಬಸವರಾಜ್’ ಎಂದೂ ನಮೂದಾಗಿ ಎರಡು ಖಾತೆಗಳಾಗುವ ಸಂಭವ ಎಷ್ಟಿದೆ ಎಂಬುದನ್ನು ಯೋಚಿಸಿದರೆ ಇಂತಹ ಸೂತ್ರದ ಬೆಲೆ ತಿಳಿಯುತ್ತದೆ. ಕನ್ನಡದ ಜೊತೆಗೆ ತೆಲುಗು, ಉರ್ದು, ಬಂಗಾಳಿ ಮಾತನಾಡುವ ಕುಟುಂಬಗಳೂ ನೆಲೆಸಿರುವ ಸಿಂಧನೂರು ತಾಲ್ಲೂಕಿನಲ್ಲಿ ಹೆಸರುಗಳ ಬರವಣಿಗೆ ಇನ್ನೂ ವೈವಿಧ್ಯಮಯ. ಹೆಸರು ಹುಡುಕುವ ಕೆಲಸವನ್ನು ಪ್ರತ್ಯೇಕ ಘಟಕವಾಗಿ ಇಟ್ಟಿದ್ದರೆ, ಇಂದು ಸರಳ ಹುಡುಕಾಟವಿದ್ದಲ್ಲಿ ನಾಳೆ ಧ್ವನಿಯಾಧಾರಿತ ಹುಡುಕಾಟವನ್ನು ಕೂರಿಸಬಹುದು. ಹಳೆಯ ನುಡಿ ಅಕ್ಷರಶೈಲಿಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಕೆಲಸಕ್ಕೂ ಇದೇ ಮಾತು. ಅದು ಒಳಬಾಗಿಲಿನಲ್ಲಿ ಒಮ್ಮೆ ನಡೆಯಬೇಕು, ದತ್ತಸಂಚಯದೊಳಗೆ ಯುನಿಕೋಡ್ ಮಾತ್ರ ಇರಬೇಕು.

ಹಗುರಕ್ಕೂ ಬೆಲೆಯುಂಟು

ಇಷ್ಟು ಹೇಳಿದ ಮೇಲೆ ಹಗುರ ಚೌಕಟ್ಟಿನ ಕೊರತೆಗಳನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ಚೌಕಟ್ಟು ಕೊಡದೆ ಬಿಟ್ಟದ್ದೆಲ್ಲ ಬರೆಯುವವರ ಹೊಣೆ. ಜಾಂಗೊ ತನ್ನೊಂದಿಗೇ ತರುವ ಬಳಕೆದಾರರ ಖಾತೆ, ನಿರ್ವಹಣಾ ಪುಟ, ಮೋಸದ ನಮೂನೆಗಳ ವಿರುದ್ಧದ ಸಿಎಸ್‌ಆರ್‌ಎಫ್ ರಕ್ಷಣೆ ಇವ್ಯಾವುವೂ ಫ್ಲಾಸ್ಕ್‌ನ ಮೂಲ ಕಂತೆಯಲ್ಲಿಲ್ಲ. ಪ್ರತಿಯೊಂದಕ್ಕೂ ಸೂಕ್ತ ವಿಸ್ತರಣೆಯನ್ನು ಆರಿಸಿ ಜೋಡಿಸಬೇಕು. ಆರಿಸಿದ ವಿಸ್ತರಣೆಯನ್ನು ಅದರ ಕರ್ತೃ ಕೈಬಿಟ್ಟರೆ ಬದಲಿ ಹುಡುಕಬೇಕು.

ಮರೆತರೆ ಅಪಾಯ ತರುವ ಅಂಶಗಳೂ ಇವೆ. ಫ್ಲಾಸ್ಕ್‌ನೊಂದಿಗೆ ಬರುವ ಸಣ್ಣ ಸರ್ವರ್ ಕಲಿಕೆಗೆ, ಪರೀಕ್ಷೆಗೆ ಮಾತ್ರ. ನಿಜವಾದ ಬಳಕೆಗೆ ಗುನಿಕಾರ್ನ್‌ನಂತಹ ಗಟ್ಟಿಯಾದ ಸರ್ವರ್ ಬೇಕು. ದೋಷ ಪತ್ತೆಗೆಂದು ತೆರೆದಿಟ್ಟ ಡೀಬಗ್ ಸ್ಥಿತಿಯನ್ನು ಅಂತರಜಾಲಕ್ಕೆ ಏರಿಸುವಾಗ ಮುಚ್ಚದೆ ಬಿಟ್ಟರೆ ಹೊರಗಿನವರು ನಿಮ್ಮ ಸರ್ವರ್‌ನಲ್ಲಿ ತಮ್ಮ ಸಂಕೇತವನ್ನೇ ಓಡಿಸಬಲ್ಲರು. ಬಳಕೆದಾರರು ಬರೆದ ಪಠ್ಯವನ್ನು ದತ್ತಸಂಚಯದ ಆದೇಶದೊಳಗೆ ನೇರವಾಗಿ ಅಂಟಿಸಿದರೆ ಇಡೀ ಖಾತೆಯೇ ಪರರ ಪಾಲಾಗಬಹುದು. ರೈತರ ಆಧಾರ್, ಬ್ಯಾಂಕ್ ಖಾತೆಯ ವಿವರಗಳನ್ನು ಇಟ್ಟುಕೊಳ್ಳುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೊಣೆ ಹೊರಿಸಿದೆ ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ ಎಲ್ಲ ಕಡೆಯೂ ಹಗುರ ಚೌಕಟ್ಟೇ ಆಗಬೇಕೆಂದೇನಿಲ್ಲ. ನೂರಾರು ಬಳಕೆದಾರರು, ಹಲವು ಹಂತದ ಅಧಿಕಾರಗಳು, ಹತ್ತಾರು ನಮೂನೆಗಳಿರುವ ಕೆಲಸಕ್ಕೆ ಎಲ್ಲವನ್ನೂ ಹೊತ್ತು ತರುವ ಚೌಕಟ್ಟೇ ಸುರಕ್ಷಿತ. ಅಲ್ಲಿಯೂ ಘಟಕಗಳ ನಡುವೆ ಗೋಡೆ ಇಲ್ಲದಿದ್ದರೆ ಫಲಿತಾಂಶ ಅದೇ ಗೋಜಲು. ಭಾರವಾದ ಚೌಕಟ್ಟಿನಲ್ಲಿ ಚೆನ್ನಾಗಿ ಬೇರ್ಪಡಿಸಿ ಬರೆದದ್ದು, ಹಗುರ ಚೌಕಟ್ಟಿನಲ್ಲಿ ಕಲಸಿಟ್ಟದ್ದಕ್ಕಿಂತ ಎಷ್ಟೋ ಮೇಲು. ಹಗುರ ಚೌಕಟ್ಟಿನ ನಿಜವಾದ ಲಾಭವೆಂದರೆ, ಹೊಸಬರು ಕೆಲವೇ ದಿನಗಳಲ್ಲಿ ಅದನ್ನು ಕಲಿತು ಎಲ್ಲಿ ಏನಿದೆ ಎಂಬುದನ್ನು ಕಾಣಬಲ್ಲರು. ಒಬ್ಬರೋ ಇಬ್ಬರೋ ಬರೆಯುವ, ಇನ್ನೊಬ್ಬರು ಮುಂದುವರಿಸಬೇಕಾದ ಸಣ್ಣ ಊರಿನ ತಂತ್ರಾಂಶಕ್ಕೆ ಇದು ದೊಡ್ಡ ಅನುಕೂಲ.

ಬರೆಸುವವರು ಕೇಳಬೇಕಾದುದೇನು?

ತಂತ್ರಾಂಶ ಬರೆಸಿಕೊಳ್ಳುವ ಮಾಲೀಕರಿಗೆ ಪೈಥಾನ್ ಗೊತ್ತಿರಬೇಕಿಲ್ಲ. ಕಟ್ಟಡ ಕಟ್ಟಿಸುವವರು ಗಾರೆ ಕೆಲಸ ಕಲಿತಿರುವುದಿಲ್ಲ, ಆದರೆ ನಕ್ಷೆ ಕೇಳುತ್ತಾರೆ. ಹಾಗೆಯೇ ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಬಹುದು.

ಮೂಲಸಂಕೇತವನ್ನು ಪೂರ್ತಿಯಾಗಿ ನಮ್ಮ ವಶಕ್ಕೆ ಕೊಡುವಿರಾ? ಸರ್ವರ್‌ನ ಹಾಗೂ ಜಾಲವಿಳಾಸದ ನೋಂದಣಿ ಯಾರ ಹೆಸರಿನಲ್ಲಿದೆ? ಯಾವ ಘಟಕ ಏನು ಮಾಡುತ್ತದೆ, ಯಾವುದು ಯಾವುದನ್ನು ಕೇಳುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡುವಿರಾ? ಶುಲ್ಕದ ದರ ಬದಲಾದರೆ ಎಷ್ಟು ಕಡೆ ತಿದ್ದಬೇಕು? ಇದಕ್ಕೆ ‘ಒಂದು ಕಡೆ’ ಎಂಬ ಉತ್ತರ ಬಂದರೆ ನಿಶ್ಚಿಂತೆ. ‘ನೋಡಿ ಹೇಳಬೇಕು’ ಎಂದರೆ ಎಚ್ಚರಿಕೆ.

ಕೊನೆಯದಾಗಿ, ಸ್ಟಾಪ್‌ಲಾಗ್ ಪ್ರಶ್ನೆ. ಇಂದು ರಾತ್ರಿ ದತ್ತಸಂಚಯ ಕೆಟ್ಟರೆ ನಾಳೆ ಬೆಳಿಗ್ಗೆ ಗಾಡಿಗಳು ಬಂದು ನಿಂತಾಗ ಏನು ಮಾಡುವಿರಿ? ಪ್ರತಿ ರಾತ್ರಿ ಲೆಕ್ಕದ ಪ್ರತಿಯೊಂದು ಬೇರೆ ಕಡೆ ಸೇರುತ್ತಿದೆಯೇ, ಆ ಪ್ರತಿಯಿಂದ ಲೆಕ್ಕವನ್ನು ಮರಳಿ ತೆರೆದು ನೋಡಿದ್ದೀರಾ? ಪ್ರತಿ ಇಟ್ಟಿದ್ದೇವೆ ಎಂಬುದಕ್ಕೂ ಪ್ರತಿಯಿಂದ ಮರಳಿ ಪಡೆದಿದ್ದೇವೆ ಎಂಬುದಕ್ಕೂ ಅಂತರ ದೊಡ್ಡದು. ವರದಿ ಘಟಕ ಕೆಟ್ಟರೂ ತೂಕ ದಾಖಲಿಸುವುದು ನಿಲ್ಲದಂತಿದೆಯೇ ಎಂಬುದನ್ನು ಹಂಗಾಮು ಆರಂಭವಾಗುವ ಮುನ್ನವೇ ಒಮ್ಮೆ ಪರೀಕ್ಷಿಸಿ ನೋಡುವುದು ಒಳಿತು.

ಬರೆಯುವ ಯುವ ತಂತ್ರಜ್ಞರಿಗೂ ಒಂದು ಮಾತು. ನೀವು ಊರು ಬಿಡುವುದು ತಪ್ಪಲ್ಲ, ಉತ್ತಮ ಅವಕಾಶವನ್ನು ಅರಸಿ ಹೋಗುವುದು ಸಹಜ. ಆದರೆ ನಿಮ್ಮ ತಂತ್ರಾಂಶವನ್ನು ತೆರೆಯುವ ಮುಂದಿನವರು ನಿಮ್ಮ ಮುಖ ನೋಡಿರಲಾರರು. ಘಟಕಗಳ ಹೆಸರುಗಳು, ಅವುಗಳ ನಡುವಿನ ಗೋಡೆಗಳು, ಆ ಒಂದು ಪುಟದ ವಿವರಣೆ, ಇವುಗಳ ಮೂಲಕವೇ ನೀವು ಅವರೊಂದಿಗೆ ಮಾತನಾಡಬೇಕು. ಬೆವರು ಸುರಿಸಿ ಬೆಳೆದ ಭತ್ತದ ಲೆಕ್ಕ ಆ ಮಾತಿನ ಸ್ಪಷ್ಟತೆಯನ್ನು ಅವಲಂಬಿಸಿದೆ.